ಕಾರು ಸುಮ್ಮನಿದೆ ಎಂದರೆ ರಸ್ತೆ ಖಾಲಿ ಇದೆ ಎಂದಲ್ಲ

ಕಾರಿನ ಮುಂಗಾಜು ಬದಲಾಯಿಸಿದ ಮೇಲೆ, ಅದರ ಹಿಂದೆ ಕುಳಿತು ಎದುರಿಗೆ ಅಡ್ಡಿ ಕಂಡರೆ ಕೂಗಿ ಎಚ್ಚರಿಸುವ ಕ್ಯಾಮೆರಾವನ್ನು ಮರಳಿ ಸರಿಹೊಂದಿಸುವುದು ಬಳ್ಳಾರಿಯಲ್ಲಿ ನನ್ನ ಕೆಲಸ. ಬರುವವರಲ್ಲಿ ಬಹಳಷ್ಟು ಜನ ಒಂದೇ ಮಾತನ್ನು ಹೇಳುತ್ತಾರೆ: ‘ಗಾಡಿ ಕೂಗಲಿಲ್ಲ ನೋಡ್ರಿ, ಅದಕ್ಕೇ ಮುಂದೆ ಏನೂ ಇಲ್ಲ ಅನ್ಕೊಂಡೆ.’

ಕಳೆದ ಸುಗ್ಗಿಯಲ್ಲಿ ಗಂಗಾವತಿ ಕಡೆಯ ಅಕ್ಕಿ ಗಿರಣಿಯ ಮಾಲೀಕರೊಬ್ಬರು ಬಂದಿದ್ದರು. ಮುಸ್ಸಂಜೆಯಲ್ಲಿ, ದೀಪವಿಲ್ಲದೆ ನಿಂತಿದ್ದ ಹುಲ್ಲಿನ ಟ್ರಾಲಿಗೆ ಅವರ ಕಾರು ಗುದ್ದಿತ್ತು. ಪುಣ್ಯಕ್ಕೆ ಯಾರಿಗೂ ಪೆಟ್ಟಾಗಿರಲಿಲ್ಲ. ಬಂಪರಿನ ಸಂದಿಯಲ್ಲಿ ಭತ್ತದ ಹುಲ್ಲು ಇನ್ನೂ ಸಿಕ್ಕಿಕೊಂಡಿತ್ತು. ಕ್ಯಾಮೆರಾ ಕೆಟ್ಟಿದೆ ಎಂಬುದು ಅವರ ದೂರು. ಪರೀಕ್ಷಿಸಿ ನೋಡಿದರೆ ಅದರಲ್ಲಿ ದೋಷವೇನೂ ಕಾಣಲಿಲ್ಲ.

ಕಾರಿನ ಕೃತಕ ಬುದ್ಧಿಮತ್ತೆಯು ರಸ್ತೆ ಖಾಲಿ ಇದೆ ಎಂದು ಯಾರಿಗೂ ಭರವಸೆ ಕೊಡುವುದಿಲ್ಲ. ತಾನು ಕಲಿತ ಆಕಾರಗಳಲ್ಲಿ ಯಾವುದಾದರೂ ಎದುರಿಗಿದೆಯೇ ಎಂದು ಅದು ಹುಡುಕುತ್ತದೆ, ಇರುವ ಸಂಭವ ಒಂದು ಮಟ್ಟವನ್ನು ದಾಟಿದರೆ ಮಾತ್ರ ಕೂಗುತ್ತದೆ. ಆದ್ದರಿಂದ ಅದರ ಮೌನಕ್ಕೆ ಎರಡು ಅರ್ಥಗಳಿವೆ: ಎದುರಿಗೆ ಏನೂ ಇಲ್ಲ ಎಂಬುದು ಒಂದು, ಇರುವುದು ಏನೆಂದು ತಿಳಿಯಲಿಲ್ಲ ಎಂಬುದು ಇನ್ನೊಂದು. ಒಳಗೆ ಕುಳಿತವರಿಗೆ ಎರಡೂ ಒಂದೇ ರೀತಿ ಕೇಳಿಸುತ್ತವೆ, ಅಂದರೆ ಏನೂ ಕೇಳಿಸುವುದಿಲ್ಲ. ಎರಡೂ ಬದಿಗೆ ಜೋತುಬಿದ್ದ ಹುಲ್ಲು ಚಕ್ರವನ್ನೂ ನಂಬರ್ ಫಲಕವನ್ನೂ ಮುಚ್ಚಿದಾಗ ಆ ಟ್ರಾಲಿ ಕ್ಯಾಮೆರಾದ ಲೆಕ್ಕದಲ್ಲಿ ಲಾರಿಯೂ ಅಲ್ಲ, ಮತ್ತೊಂದೂ ಅಲ್ಲ. ಕ್ಯಾಮೆರಾದ ಜೊತೆಗೆ ರೇಡಾರ್, ಅಂದರೆ ರೇಡಿಯೋ ಅಲೆ ಬಿಟ್ಟು ಅದರ ಪ್ರತಿಫಲನದಿಂದ ವಸ್ತುವನ್ನು ಪತ್ತೆಹಚ್ಚುವ ಸಾಧನ, ಇದ್ದರೂ ಒಣಹುಲ್ಲು ಆ ಅಲೆಯನ್ನು ಕಬ್ಬಿಣದಷ್ಟು ಬಲವಾಗಿ ಮರಳಿಸುವುದಿಲ್ಲ; ಮೇಲಾಗಿ, ಪ್ರತಿ ಸೇತುವೆಗೂ ಫಲಕಕ್ಕೂ ಬ್ರೇಕ್ ಬೀಳಬಾರದೆಂದು ಅನೇಕ ವ್ಯವಸ್ಥೆಗಳು ನಿಂತ ವಸ್ತುಗಳ ಪ್ರತಿಫಲನಕ್ಕೆ ಕಡಿಮೆ ಬೆಲೆ ಕೊಡುತ್ತವೆ.

ಕಂಡಿದ್ದೂ ಅರ್ಥವಾಗದೆ ಹೋಗಬಹುದು. 2018ರ ಮಾರ್ಚ್ 18ರ ರಾತ್ರಿ ಅಮೆರಿಕದ ಟೆಂಪೆ ನಗರದಲ್ಲಿ ಊಬರ್‌ನ ಸ್ವಯಂಚಾಲಿತ ಪರೀಕ್ಷಾ ಕಾರು, ಸೈಕಲ್ ತಳ್ಳಿಕೊಂಡು ರಸ್ತೆ ದಾಟುತ್ತಿದ್ದ ಮಹಿಳೆಯನ್ನು ಗುದ್ದುವ 5.6 ಸೆಕೆಂಡು ಮೊದಲೇ ಕಂಡಿತ್ತು. ಆದರೆ ಒಮ್ಮೆ ವಾಹನ, ಒಮ್ಮೆ ಬೇರೇನೋ, ಒಮ್ಮೆ ಸೈಕಲ್ ಎಂದು ಹೆಸರು ಬದಲಾಯಿಸುತ್ತಾ, ಬದಲಾದಾಗಲೆಲ್ಲ ಹಿಂದಿನ ಚಲನೆಯ ಲೆಕ್ಕವನ್ನು ಕೈಬಿಡುತ್ತಾ ಹೋಯಿತು. ಆಕೆ ಬದುಕಲಿಲ್ಲ.

ನಮ್ಮ ರಸ್ತೆಗಳನ್ನು ಇಂಥ ವ್ಯವಸ್ಥೆಗಳಿಗೆ ಕಲಿಸಲೆಂದು ಹೈದರಾಬಾದಿನ ಮಾಹಿತಿ ತಂತ್ರಜ್ಞಾನ ಸಂಸ್ಥೆ ಐಐಐಟಿಯವರು ಹೈದರಾಬಾದ್, ಬೆಂಗಳೂರು ಮತ್ತು ಅವುಗಳ ಹೊರವಲಯದ ರಸ್ತೆಗಳ 10,000 ಚಿತ್ರಗಳನ್ನು 34 ವರ್ಗಗಳಲ್ಲಿ ಗುರುತಿಸಿ ಕೊಟ್ಟಿದ್ದಾರೆ. ಆಟೋರಿಕ್ಷಾಕ್ಕೂ ಅದರಲ್ಲಿ ಸ್ಥಾನವಿದೆ. ದೊಡ್ಡ ಕೆಲಸವೇ ಸರಿ. ಹಾಗೆಂದು, ಅರ್ಧ ರಸ್ತೆಗೆ ಹರವಿದ ಭತ್ತವನ್ನೂ ಅದರ ಅಂಚಿಗಿಟ್ಟ ಕಲ್ಲನ್ನೂ ನಿಮ್ಮ ಕಾರು ಬಲ್ಲದು ಎಂದುಕೊಳ್ಳಬೇಡಿ. ಸಂಡೂರಿನ ಕಡೆ ಓಡಾಡುವವರು ಗಾಜಿನ ಮೇಲಿನ ಕೆಂಧೂಳನ್ನೂ ಗಮನಿಸಬೇಕು: ಕ್ಯಾಮೆರಾ ಪೂರ್ತಿ ಮುಚ್ಚಿದರೆ ಸಾಮಾನ್ಯವಾಗಿ ಎಚ್ಚರಿಕೆ ಬರುತ್ತದೆ, ತೆಳು ಪದರಕ್ಕೆ ಬರಲೇಬೇಕೆಂದಿಲ್ಲ. ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಒಂದು ಸೆಕೆಂಡಿಗೆ 22 ಮೀಟರ್ ಕಳೆದುಹೋಗುತ್ತದೆ. ನಮ್ಮಲ್ಲಿಗೆ ಬರುವ ಕಾರುಗಳು ಸ್ವಯಂಚಾಲನೆಯಲ್ಲಿ ಹೆಚ್ಚೆಂದರೆ ಎರಡನೆಯ ಹಂತದವು, ಅಂದರೆ ಸ್ಟೀರಿಂಗಿಗೂ ವೇಗಕ್ಕೂ ನೆರವು ಕೊಡುವಂಥವು. ಆ ಹಂತದಲ್ಲಿ ರಸ್ತೆ ನೋಡುವ ಹೊಣೆ ಚಾಲಕನದೇ.

ಇಷ್ಟನ್ನೂ ಅರ್ಧ ಗಂಟೆ ಕುಳಿತು ಗಿರಣಿ ಮಾಲೀಕರಿಗೆ ಹೇಳಿದೆ. ತಲೆಯಾಡಿಸುತ್ತಾ ಕೇಳಿ, ಬಿಲ್ ಕೊಟ್ಟು, ಬಾಗಿಲ ಬಳಿ ತಿರುಗಿ ನಿಂತು, ‘ಹೊಸ ಗಾಜು ಹಾಕೀರಲ್ರೀ, ಇನ್ನು ಹುಲ್ಲಿನ ಗಾಡಿಗೆ ಕೂಗ್ತೈತಿ ಅಲ್ಲೇನ್ರಿ?’ ಎಂದರು. ಇನ್ನೊಂದು ಚಹಾ ತರಿಸಿ ಅವರನ್ನು ಮತ್ತೆ ಕೂರಿಸಿಕೊಂಡೆ.