ಪದ ಪರಿಚಯ: ಎಲಿವೇಶನ್ ಗೇನ್

ಸೈಕಲ್ ಸವಾರಿ ಮುಗಿಸಿ ಆ್ಯಪ್ ತೆರೆದರೆ ದೂರ, ಸಮಯದ ಪಕ್ಕದಲ್ಲಿ ಇನ್ನೊಂದು ಅಂಕಿ ಇರುತ್ತದೆ: ಎಲಿವೇಶನ್ ಗೇನ್. ದಾರಿಯುದ್ದಕ್ಕೂ ಹತ್ತಿದ ಏರುಗಳನ್ನೆಲ್ಲ ಕೂಡಿಸಿದ ಲೆಕ್ಕ ಅದು. ಇಳಿದದ್ದನ್ನು ಕಳೆಯುವುದಿಲ್ಲ. ಹಾಗಾಗಿ ಕುಂಬಳೆಯಿಂದ ಹೊರಟು ಬದಿಯಡ್ಕ, ಮುಳ್ಳೇರಿಯ ಸುತ್ತಿ ಮತ್ತೆ ಕುಂಬಳೆಗೇ ಬಂದರೂ ಅದು ಸೊನ್ನೆಯಾಗದು.

ಕಾಸರಗೋಡಿನಲ್ಲಿ ಸೈಕಲ್ ತುಳಿಯುವವರಿಗೆ ದೂರಕ್ಕಿಂತ ಈ ಅಂಕಿಯೇ ಮುಖ್ಯ. ಮೂಡಲಿಗೆ ಪಾಣತ್ತೂರು, ರಾಣಿಪುರದ ಕಡೆ ಹೋದರೆ ಘಟ್ಟ ಸಿಗುತ್ತದೆ, ಉಳಿದಂತೆ ಬರೀ ಗುಡ್ಡೆಗಳು. ಮುರಕಲ್ಲಿನ ಪದವು (ಗುಡ್ಡೆ ಮೇಲಿನ ಬಯಲು) ಹತ್ತಬೇಕು, ಅಡಿಕೆ ತೋಟಕ್ಕೆ ಇಳಿಯಬೇಕು, ತೋಡು ದಾಟಿ ಮತ್ತೆ ಹತ್ತಬೇಕು.

ಒಟ್ಟು ಏರು ಒಂದೇ ಆದರೂ ಕಷ್ಟ ಒಂದೇ ಅಲ್ಲ. ಅದಕ್ಕೇ ಗ್ರೇಡಿಯಂಟ್ ಬೇಕು: 100 ಮೀಟರ್ ಮುಂದೆ ಹೋಗುವಾಗ 8 ಮೀಟರ್ ಮೇಲೇರಿದರೆ ಶೇ. 8. ಸವಾರಿ ದಾಖಲಿಸುವ ಸ್ಟ್ರಾವಾ ಆ್ಯಪ್ ಏರಿಗೆ ದರ್ಜೆ ಕೊಡಲು ಅದರ ಉದ್ದವನ್ನು (ಮೀಟರಿನಲ್ಲಿ) ಈ ಶೇಕಡಾ ಅಂಕಿಯಿಂದ ಗುಣಿಸುತ್ತದೆ. ಸರಾಸರಿ ಕನಿಷ್ಠ ಶೇ. 3 ಇದ್ದು, ಗುಣಲಬ್ಧ 8,000 ದಾಟಿದರೆ 4ನೇ ದರ್ಜೆ, 16,000ಕ್ಕೆ 3ನೇ ದರ್ಜೆ, 32,000ಕ್ಕೆ 2ನೇ ದರ್ಜೆ. ನೋಡಲು ಜಾಣ ಸೂತ್ರ. ಆದರೆ ಬಿಡಿಸಿ ನೋಡಿದರೆ, ಶೇಕಡಾ ಅಂಕಿಯಲ್ಲೇ ಉದ್ದದಿಂದ ಭಾಗಿಸಿರುವುದರಿಂದ, ಉದ್ದ ಎರಡೂ ಕಡೆಯಿಂದ ಹಾರಿಹೋಗಿ, ಎತ್ತರದ ನೂರು ಪಟ್ಟು ಮಾತ್ರ ಉಳಿಯುತ್ತದೆ! ಅಂದರೆ ಒಂದೇ ಏರು 80 ಮೀಟರ್ ಎತ್ತರಕ್ಕೆ ಹೋಗದಿದ್ದರೆ ದರ್ಜೆಯೇ ಇಲ್ಲ.

ನಮ್ಮ ಗುಡ್ಡೆಗಳಿಗೆ ಅನ್ಯಾಯವಾಗುವುದು ಇಲ್ಲೇ. ಅರ್ಧ ಕಿಲೋಮೀಟರಿನಲ್ಲಿ 40 ಮೀಟರ್ ಹತ್ತಿಸುವ ಗುಡ್ಡೆ ಇದೆ ಅನ್ನಿ. ಅಂಥ ಹತ್ತು ಗುಡ್ಡೆ ದಾಟಿದರೆ 400 ಮೀಟರ್, ಆದರೂ ದರ್ಜೆ ಶೂನ್ಯ. ಅದೇ 400 ಮೀಟರ್ 5 ಕಿ.ಮೀ.ಯ ಒಂದೇ ಏರಾದರೆ 2ನೇ ದರ್ಜೆ. ಗುಡ್ಡೆಗಳ ನಡುವೆ ಇಳಿಜಾರಿನಲ್ಲಿ ಉಸಿರು ಸಿಗುತ್ತದೆ, ನಿಜ. ಆದರೆ ಬುಡದ ತಿರುವಿನಲ್ಲಿ ಬ್ರೇಕ್ ಹಿಡಿದು, ಬಂದ ವೇಗವನ್ನೆಲ್ಲ ಕಳೆದುಕೊಂಡು, ಮುಂದಿನದನ್ನು ಸಣ್ಣ ಗೇರಿನಲ್ಲಿ ಮೊದಲಿನಿಂದ ತುಳಿಯಬೇಕು.

ನೆದರ್ಲೆಂಡ್ಸಿನ 'ಫೀಟ್ಸ್' ಎಂಬ ಸೈಕಲ್ ಪತ್ರಿಕೆಯ ಸೂತ್ರ ನಮಗೆ ಹೆಚ್ಚು ಹೊಂದುತ್ತದೆ: ಎತ್ತರದ ವರ್ಗವನ್ನು (ಎತ್ತರ × ಎತ್ತರ, ಮೀಟರಿನಲ್ಲಿ) ಮೀಟರಿನಲ್ಲಿನ ಉದ್ದದ ಹತ್ತು ಪಟ್ಟಿನಿಂದ ಭಾಗಿಸುವುದು. (ತುದಿ 1,000 ಮೀಟರ್ ದಾಟಿದರೆ ಇನ್ನಷ್ಟು ಅಂಕ ಸೇರುತ್ತದೆ, ಆ ಭಾಗ ಆಲ್ಪ್ಸ್‌ನವರಿಗೆ ಇರಲಿ.) ಮೇಲಿನ ಗುಡ್ಡೆಗೆ 0.32, ಹತ್ತಕ್ಕೆ 3.2, 5 ಕಿ.ಮೀ.ಯ ಒಂಟಿ ಏರಿಗೂ 3.2. ಅದೇ ಎತ್ತರವನ್ನು 10 ಕಿ.ಮೀ. ನಿಧಾನಕ್ಕೆ ಹತ್ತಿದರೆ 1.6 ಮಾತ್ರ. ಕಡಿದಾದದ್ದಕ್ಕೆ ಇಲ್ಲಿ ಬೆಲೆ ಇದೆ.

ಸೂತ್ರ ಯಾವುದಾದರೂ, ಒಳಗೆ ಹಾಕುವ ಎತ್ತರ ಸರಿ ಇರಬೇಕಲ್ಲ. ಜಿಪಿಎಸ್ ನೆಲದ ಮೇಲಿನ ಜಾಗ ಗುರುತಿಸುವುದರಲ್ಲಿ ನಿಖರ, ಎತ್ತರದಲ್ಲಿ ಅಷ್ಟಲ್ಲ. ಚಹಾ ಕುಡಿಯಲು ನಿಂತಾಗಲೂ ಅಂಕಿ ಮೇಲೆ ಕೆಳಗೆ ಆಡುತ್ತದೆ. ಆ ಆಟವನ್ನು ಸೋಸದಿದ್ದರೆ ಕುಳಿತಲ್ಲೇ ಗುಡ್ಡೆ ಹತ್ತಿದಂತಾಗುತ್ತದೆ. ಗಾಳಿಯ ಒತ್ತಡದಿಂದ ಎತ್ತರ ಅಳೆಯುವ ಬ್ಯಾರೋಮೀಟರ್ ಇರುವ ಸೈಕಲ್ ಕಂಪ್ಯೂಟರ್ ವಾಸಿ, ಆದರೆ ಹವೆ ಬದಲಾಗಿ ಆ ಒತ್ತಡ 1 ಹೆಕ್ಟೋಪಾಸ್ಕಲ್ ಏರುಪೇರಾದರೆ ಸುಮಾರು 8 ಮೀಟರ್ ವ್ಯತ್ಯಾಸ ತೋರಿಸುತ್ತದೆ. ಮಳೆಗಾಲದಲ್ಲಿ ಅದರ ಪುಟ್ಟ ತೂತಿಗೆ ನೀರು ಕೂತರೆ ಮುಗಿಯಿತು.

ಇನ್ನು ಕೆಲವು ಆ್ಯಪ್‌ಗಳು ಎತ್ತರವನ್ನು ನಕ್ಷೆಯಿಂದ ತೆಗೆಯುತ್ತವೆ. ಅಂಥ ನಕ್ಷೆಗಳಲ್ಲಿ ಪ್ರಸಿದ್ಧವಾದದ್ದು 2000ರ ಫೆಬ್ರವರಿಯಲ್ಲಿ ಎಂಡೆವರ್ ಬಾಹ್ಯಾಕಾಶ ನೌಕೆ ರೇಡಾರ್‌ನಿಂದ ಅಳೆದದ್ದು. ಅದಕ್ಕೆ ಮರದ ತುದಿಗೂ ನೆಲಕ್ಕೂ ಪೂರ್ತಿ ಭೇದ ತಿಳಿಯದು. ಚಂದ್ರಗಿರಿ ಸೇತುವೆ ಮೇಲೆ ಹೋದವನನ್ನು ಹೊಳೆಗೆ ಇಳಿಸಿ ಹತ್ತಿಸಲೂಬಹುದು. ಆಮೇಲೆ ಹೆದ್ದಾರಿ 66ರ ಅಗಲೀಕರಣಕ್ಕೆ ಗುಡ್ಡೆ ಸೀಳಿದ ಕಡೆ, ಈಗ ಇಲ್ಲದ ಏರೂ ಲೆಕ್ಕಕ್ಕೆ ಸೇರುತ್ತದೆ.

ಹಾಗಾಗಿ ಜೊತೆಯಲ್ಲೇ ತುಳಿದ ಇಬ್ಬರ ಅಂಕಿ ಹೊಂದದಿದ್ದರೆ ಜಗಳ ಬೇಡ. ಒಂದೇ ಸಾಧನದಲ್ಲಿ ದಾಖಲಾದ ಎರಡು ದಾರಿಗಳನ್ನು ಹೋಲಿಸಿದರೆ ಯಾವುದು ಕಷ್ಟದ್ದು ಎಂಬುದು ಸಾಕಷ್ಟು ತಿಳಿಯುತ್ತದೆ.