ನಾಯಿಯ ಚಿತ್ರ ಬಿಟ್ಟು ತೂತುಗಳನ್ನು ನೋಡಿ

ಕಳೆದ ಮಳೆಗಾಲದಲ್ಲಿ ಸಾಗರದ ಕಡೆಯ ಕುಟುಂಬವೊಂದು, ಅಜ್ಜನ ಕಾಲದ್ದೆಂದು ಜೋಪಾನ ಮಾಡಿಕೊಂಡು ಬಂದಿದ್ದ, ಕೀ ಕೊಟ್ಟು ನುಡಿಸುವ ಗ್ರಾಮಫೋನೊಂದನ್ನು ನನ್ನ ಕೆಲಸದ ಮೇಜಿನ ಮೇಲೆ ತಂದಿರಿಸಿತು. ಚೌಕನೆಯ ಮರದ ಪೆಟ್ಟಿಗೆ, ಮೇಲೆ ಫಳಫಳಿಸುವ ಹಿತ್ತಾಳೆಯ ಕಹಳೆ, ಮುಂಭಾಗದಲ್ಲಿ ಕಹಳೆಗೆ ಕಿವಿಗೊಟ್ಟು ಕುಳಿತ ನಾಯಿಯ ಬಿಲ್ಲೆ. ‘ಇದು ಎಚ್‌ಎಂವಿ ತಾನೆ ಸಾರ್?’ ಎಂದು ಮನೆಯ ಹಿರಿಯರು ಕೇಳಿದರು. ಎಚ್‌ಎಂವಿ ಎಂದರೆ ‘ಹಿಸ್ ಮಾಸ್ಟರ್ಸ್ ವಾಯ್ಸ್’, ಈ ನಾಯಿಯ ಚಿತ್ರವನ್ನೇ ಗುರುತಾಗಿಸಿಕೊಂಡ ಗ್ರಾಮಫೋನ್ ಬ್ರ್ಯಾಂಡು.

ಆ ಬಿಲ್ಲೆಯನ್ನು ನಾನು ಸಾಕ್ಷಿಯೆಂದು ಪರಿಗಣಿಸುವುದಿಲ್ಲ. ಫ್ರಾನ್ಸಿಸ್ ಬರಾಡ್ ಬಿಡಿಸಿದ ನಿಪ್ಪರ್ ಎಂಬ ನಾಯಿಯ ಚಿತ್ರ ಜಗತ್ತಿನಲ್ಲಿ ಅತಿ ಹೆಚ್ಚು ನಕಲಾಗಿರುವ ವ್ಯಾಪಾರಚಿಹ್ನೆಗಳಲ್ಲೊಂದು; ಹೊಸ ಪೆಟ್ಟಿಗೆಗೆ ಹಳೆಯ ಯಂತ್ರ ತುಂಬಿ, ಮೇಲೊಂದು ಕಹಳೆ ಸಿಕ್ಕಿಸಿ, ಇಂಥ ಬಿಲ್ಲೆ ಬಡಿದು ಮಾರುವ ಕಸುಬು ನಮ್ಮ ದೇಶದಲ್ಲೇ ದಶಕಗಳಿಂದ ನಡೆದಿದೆ. ಬಿಲ್ಲೆಯನ್ನು ಅರ್ಧ ಗಂಟೆಯಲ್ಲಿ ಬದಲಿಸಬಹುದು. ಮರದಲ್ಲಿ ಒಮ್ಮೆ ಕೊರೆದ ತೂತನ್ನು ಮಾತ್ರ ಗುರುತು ಉಳಿಯದಂತೆ ಮುಚ್ಚುವುದು ಬಹಳ ಕಷ್ಟ.

ಆದ್ದರಿಂದ ಮೊದಲು ಸುಲಭವಾಗಿ ಕಳಚುವ ಭಾಗಗಳನ್ನು ಒಂದೊಂದಾಗಿ ನೋಡಿ ಬದಿಗಿರಿಸಿದೆ. ಸೂಜಿಯ ಕಂಪನವನ್ನು ತೆಳುಪೊರೆಯಿಂದ ಸದ್ದಾಗಿಸುವ ದುಂಡನೆಯ ಭಾಗವಾದ ಸೌಂಡ್‌ಬಾಕ್ಸಿನ ಹಿಂಬದಿಯಲ್ಲಿ ‘5ಬಿ’ ಎಂಬ ಗುರುತಿತ್ತು. ಅದು ನಿಜವಾದ ಎಚ್‌ಎಂವಿ ಭಾಗವೇ ಹೌದು, ಆದರೆ 1931ರಲ್ಲಿ ಬಂದ 102 ಎಂಬ ಕೈಪೆಟ್ಟಿಗೆಯ ಮಾದರಿಗೆ ಹೊಂದುವಂಥದ್ದು; ಅದರ ತೆಳುಪೊರೆ ಅಲ್ಯೂಮಿನಿಯಂ ಮಿಶ್ರಲೋಹದ್ದು, ಕಹಳೆಯ ಯಂತ್ರಗಳ ಕಾಲದ ಸೌಂಡ್‌ಬಾಕ್ಸ್‌ಗಳಲ್ಲಿ ಸಾಮಾನ್ಯವಾಗಿ ಇರುತ್ತಿದ್ದ ಅಭ್ರಕದ ಪೊರೆಯಲ್ಲ. ಸೌಂಡ್‌ಬಾಕ್ಸನ್ನು ಹಿಡಿಯುವ ಟೊಳ್ಳು ತೋಳಾದ ಟೋನ್‌ಆರ್ಮಿನ ತುದಿ ಅದಕ್ಕಿಂತ ಸಣ್ಣದಾಗಿದ್ದುದರಿಂದ ಯಾರೋ ಸೈಕಲ್ ಟ್ಯೂಬಿನ ಪಟ್ಟಿ ಸುತ್ತಿ ಅದನ್ನು ತುರುಕಿದ್ದರು. ಕಹಳೆಯನ್ನು ಹಿಡಿದಿದ್ದ ಹಿಂಬದಿಯ ಬ್ರಾಕೆಟ್ಟಿಗೆ ನಕ್ಷತ್ರ ತಲೆಯ ಸ್ಕ್ರೂಗಳಿದ್ದವು. ಅಂಥ ಸ್ಕ್ರೂಗಳು ಬಳಕೆಗೆ ಬಂದದ್ದೇ 1930ರ ದಶಕದಲ್ಲಿ. ಅಂದರೆ ಈ ಕಹಳೆ ಆಮೇಲೆ ಸಿಕ್ಕಿಸಿದ್ದು; ಅಲ್ಲಿಗೆ ಅದರ ಕಥೆ ಮುಗಿಯಿತು.

ಮೋಟಾರಿನ ವಿಷಯ ಅಷ್ಟು ಸರಳವಲ್ಲ. ತಟ್ಟೆಯನ್ನೆತ್ತಿ ಮೋಟಾರಿನ ಹಲಗೆಯನ್ನು ಮಗುಚಿದಾಗ ಎರಕದ ಮೇಲೆ ‘ಥೋರೆನ್ಸ್’ ಎಂಬ ಹೆಸರು ಸ್ಪಷ್ಟವಾಗಿ ಕಂಡಿತು. ಥೋರೆನ್ಸ್ ಸ್ವಿಟ್ಜರ್ಲೆಂಡಿನ ಸೇಂಟ್ ಕ್ರುವಾ ಊರಿನಲ್ಲಿ 1883ರಿಂದ ಸಂಗೀತ ಪೆಟ್ಟಿಗೆಗಳನ್ನು ಮಾಡುತ್ತಿದ್ದ ಮನೆತನದ ಕಂಪನಿ. ಅದೇ ಊರಿನ ಪೈಯ್ಯಾರ್, ಇಂಗ್ಲೆಂಡಿನ ಗ್ಯಾರಾರ್ಡ್ ಕಂಪನಿಗಳಂತೆ ಇದೂ ಮೋಟಾರುಗಳನ್ನು ಬಿಡಿಯಾಗಿ ಬೇರೆಯವರಿಗೆ ಮಾರುತ್ತಿತ್ತು. ಒಬ್ಬರ ಮೋಟಾರನ್ನು ಇನ್ನೊಬ್ಬರ ಪೆಟ್ಟಿಗೆಯಲ್ಲಿ ಕೂರಿಸಿ, ಮೂರನೆಯವರ ಹೆಸರು ಅಂಟಿಸಿ ಮಾರುವುದು ಆ ಕಾಲದ ನ್ಯಾಯವಾದ ವ್ಯಾಪಾರವೇ ಆಗಿತ್ತು. ಹಾಗಾಗಿ ಭಾಗಗಳ ಹೆಸರು ಹೊಂದಲಿಲ್ಲವೆಂದ ಮಾತ್ರಕ್ಕೆ ಯಂತ್ರ ನಕಲಿಯಾಗುವುದಿಲ್ಲ; ಈ ಬೆರಕೆ ಕಾರ್ಖಾನೆಯಲ್ಲೇ ಆದದ್ದೋ ಆಮೇಲೆ ಆದದ್ದೋ ಎಂಬುದೇ ಪ್ರಶ್ನೆ. ಮೋಟಾರನ್ನು ಕಳಚುವಾಗ ಸ್ಪ್ರಿಂಗು ಪೂರ್ತಿ ಬಿಚ್ಚಿಕೊಂಡಿದೆಯೇ ಎಂದು ಖಚಿತಪಡಿಸಿಕೊಳ್ಳಿ, ಅದರ ಡಬ್ಬಿಯನ್ನಂತೂ ಮನೆಯಲ್ಲಿ ತೆರೆಯಲೇಬೇಡಿ. ಒಳಗಿನ ಉಕ್ಕಿನ ಪಟ್ಟಿ ಚಿಮ್ಮಿದರೆ ಬೆರಳು ಉಳಿಯುವುದಿಲ್ಲ.

ಉತ್ತರ ಸಿಕ್ಕಿದ್ದು ಹಲಗೆಯ ಅಡಿಯಲ್ಲಿ. ಈಗಿನ ಮೋಟಾರನ್ನು ಹಿಡಿದಿದ್ದ ಮೂರು ತೂತುಗಳ ಅಂಚು ಹೊಸ ಮರದಂತೆ ಬಿಳಿಚಿಕೊಂಡಿತ್ತು. ಅವುಗಳಿಂದ ಒಂದಿಂಚು ಆಚೆ, ಎಣ್ಣೆ ಕುಡಿದು ಕಪ್ಪಾಗಿದ್ದ ಬೇರೆ ನಾಲ್ಕು ತೂತುಗಳಿದ್ದವು. ಅವುಗಳ ಮೇಲೆ ತೆಳುಕಾಗದ ಹರಡಿ ಪೆನ್ಸಿಲ್ ಉಜ್ಜಿ ಅಚ್ಚು ತೆಗೆದುಕೊಂಡೆ. ಹೀಗೆ ತೆಗೆದ ಅಚ್ಚುಗಳ ಒಂದು ಕಟ್ಟೇ ನನ್ನ ಬಳಿ ಇದೆ, ನನ್ನ ಮಟ್ಟಿಗೆ ಅದು ಯಾವ ಕೆಟಲಾಗಿಗಿಂತಲೂ ಹೆಚ್ಚು ಉಪಯೋಗಕ್ಕೆ ಬಂದಿದೆ. ಹ್ಯಾಂಡಲಿನ ತೂತಿನದೂ ಅದೇ ಕಥೆ: ಮೂಲ ತೂತಿಗೆ ಮರದ ಹೊಟ್ಟನ್ನು ಫೆವಿಕಾಲಿನಲ್ಲಿ ಕಲಸಿ ತುಂಬಿ, ಅರ್ಧ ಇಂಚು ಕೆಳಗೆ ಹೊಸದನ್ನು ಕೊರೆದಿದ್ದರು. ಅಂದರೆ ಸ್ವಿಸ್ ಮೋಟಾರು ಈ ಪೆಟ್ಟಿಗೆಯೊಂದಿಗೆ ಹುಟ್ಟಿದ್ದಲ್ಲ.

ನಾಯಿಯ ಬಿಲ್ಲೆ ಬಡಿದಿದ್ದ ಮುಂಭಾಗದ ಹಲಗೆಯನ್ನು ಟಾರ್ಚಿನ ಓರೆ ಬೆಳಕಿನಲ್ಲಿ ನೋಡಿದಾಗ ಅದು ಸುತ್ತಲಿನ ಓಕ್ ಮರವಲ್ಲ, ಬಣ್ಣ ಹೊಂದಿಸಿದ ಪ್ಲೈವುಡ್ ಎಂಬುದು ತಿಳಿಯಿತು. ಅದರ ಎರಡೂ ಬದಿಯ ಚೌಕಟ್ಟಿನಲ್ಲಿ ಹೆಬ್ಬೆರಳಿನಗಲದ, ಉಳಿಯಿಂದ ಕೆತ್ತಿ ಆಮೇಲೆ ತುಂಬಿದ ಹಳ್ಳಗಳಿದ್ದವು. ಮೇಲಿನವು ಮೇಲಂಚಿನಿಂದ ಎಷ್ಟು ದೂರವೋ ಕೆಳಗಿನವು ಕೆಳಂಚಿನಿಂದ ಅಷ್ಟೇ ದೂರದಲ್ಲಿದ್ದವು. ಬಾಗಿಲಿನ ಹಿಂಜುಗಳಿಗಲ್ಲದೆ ಬೇರಾವುದಕ್ಕೂ ಬಡಗಿ ಅಂಥ ಹಳ್ಳ ಕೆತ್ತುವುದಿಲ್ಲ. 1906ರಲ್ಲಿ ಅಮೆರಿಕದ ವಿಕ್ಟರ್ ಕಂಪನಿ ವಿಕ್ಟ್ರೋಲಾ ಹೊರತಂದ ಮೇಲೆ ಕಹಳೆಯನ್ನು ಪೆಟ್ಟಿಗೆಯೊಳಗೇ ಅಡಗಿಸುವ ಪದ್ಧತಿ ಹಬ್ಬಿತು. ಅಂಥ ಮೇಜಿನ ಮಾದರಿಗಳಲ್ಲಿ ಮುಂಭಾಗದ ಪುಟ್ಟ ಬಾಗಿಲುಗಳನ್ನು ತೆರೆದು ಮುಚ್ಚಿ ಸದ್ದನ್ನು ಹೆಚ್ಚು ಕಡಿಮೆ ಮಾಡುತ್ತಿದ್ದರು. ಈ ಪೆಟ್ಟಿಗೆಗೆ ಹೊರಗಿನ ಕಹಳೆ ಎಂದೂ ಇರಲೇ ಇಲ್ಲ.

ಹಾಗಾಗಿ ಪರಿಶೀಲನಾ ಚೀಟಿಯಲ್ಲಿ ಭಾಗಗಳನ್ನು ಬೇರೆ ಬೇರೆಯಾಗಿಯೇ ಬರೆದೆ: ಪೆಟ್ಟಿಗೆ ಒಳಕಹಳೆಯ ಮೇಜಿನ ಮಾದರಿ, ಮೋಟಾರು ಥೋರೆನ್ಸ್, ಸೌಂಡ್‌ಬಾಕ್ಸ್ ಎಚ್‌ಎಂವಿ, ಕಹಳೆ ಮತ್ತು ಬಿಲ್ಲೆ ಇತ್ತೀಚಿನವು. ಪೆಟ್ಟಿಗೆಯ ತಯಾರಕರೆಂಬ ಸಾಲನ್ನು ಖಾಲಿ ಬಿಟ್ಟೆ, ಏಕೆಂದರೆ ಆ ನಾಲ್ಕು ತೂತುಗಳ ಅಚ್ಚು ನನ್ನ ಕಟ್ಟಿನಲ್ಲಿ ಯಾವುದಕ್ಕೂ ಕೂಡಿಬರಲಿಲ್ಲ. ಹಿರಿಯರ ಮುಖ ಸಣ್ಣದಾಯಿತು. ಆದರೆ ಅವರೊಂದಿಗೆ ಬಂದಿದ್ದ ಸೋದರತ್ತೆ ಚೌಕಟ್ಟಿನ ಆ ಹಳ್ಳಗಳನ್ನು ಬೆರಳಿನಿಂದ ಸವರಿ, ‘ಹೌದು ಕಣೋ, ಇದಕ್ಕೆ ಎರಡು ಪುಟ್ಟ ಬಾಗಿಲಿದ್ವು. ಅದರೊಳಗೆ ಕೈ ಹಾಕಿದ್ದಕ್ಕೆ ಅಪ್ಪಯ್ಯ ನಂಗೆ ಬೈದಿದ್ರು’ ಎಂದರು.