ಏನು ಕಂಡಿತು ಎನ್ನುವುದಕ್ಕೂ ಮೊದಲು ಕೇಳಬೇಕಾದದ್ದು

"ಇದು ದೇವರ ಅನುಭವವೋ, ಕಾಯಿಲೆಯೋ? ಒಂದೇ ಮಾತಲ್ಲಿ ಹೇಳಿಬಿಡಿ ಡಾಕ್ಟ್ರೇ." ಮನೋವೈದ್ಯರಾದ ನಮಗೆ ಮನೆಯವರು ಕೇಳುವ ಕಷ್ಟದ ಪ್ರಶ್ನೆಗಳಲ್ಲಿ ಇದೂ ಒಂದು. ಒಬ್ಬರಿಗೆ ದನಿ ಕೇಳಿಸಿದೆ. ಇನ್ನೊಬ್ಬರಿಗೆ ತಾನು ಬೇರೆ, ಜಗತ್ತು ಬೇರೆ ಅನ್ನುವ ಭಾವವೇ ಕರಗಿಹೋಗಿದೆ. ಮನೆಯಲ್ಲಿ ಕೆಲವರು ಕೈ ಮುಗಿಯುತ್ತಾರೆ, ಕೆಲವರು ಮಾತ್ರೆ ಕೊಡಿಸಿ ಅನ್ನುತ್ತಾರೆ.

ಒಂದೇ ಮಾತಲ್ಲಿ ಹೇಳಲು ಆಗುವುದಿಲ್ಲ. ಎಲ್ಲಿ ನೋಡಬೇಕು ಅಂತ ಮಾತ್ರ ಹೇಳಬಲ್ಲೆ. ಯಾರ ದನಿ, ಎಂಥ ಬೆಳಕು, ಏನು ಸಂದೇಶ ಅಂತ ಎಲ್ಲರೂ ಕೆದಕುತ್ತಾರೆ. ಆದರೆ ಅದೇ ದನಿ, ಅದೇ ಬೆಳಕು ಆರೋಗ್ಯವಂತರಿಗೂ ಬರಬಹುದು, ಸೈಕೋಸಿಸ್, ಅಂದರೆ ನಿಜ ಯಾವುದು ಭ್ರಮೆ ಯಾವುದು ಅಂತ ತಿಳಿಯದಾಗುವ ಸ್ಥಿತಿ, ಇರುವವರಿಗೂ ಬರಬಹುದು. ಹತ್ತಿರದವರನ್ನು ಕಳೆದುಕೊಂಡ ಎಷ್ಟೋ ಜನರಿಗೆ ಸತ್ತವರು ಹೆಸರು ಹಿಡಿದು ಕರೆದ ಹಾಗೆ ಕೇಳಿಸುತ್ತದೆ. ಅದೊಂದರಿಂದಲೇ ಅವರನ್ನು ರೋಗಿ ಅನ್ನಲು ಬರುವುದಿಲ್ಲ.

ಹಾಗಾಗಿ ನಾನು ಮೊದಲು ಕೇಳುವುದು ನಿದ್ದೆಯ ಬಗ್ಗೆ. ರಾತ್ರಿ ಎಷ್ಟು ಹೊತ್ತು ಮಲಗುತ್ತೀರಿ? ಮಲಗದಿದ್ದರೆ ಮರುದಿನ ಸುಸ್ತಾಗುತ್ತದಾ? ಮೇನಿಯಾ, ಅಂದರೆ ಮನಸ್ಸು ವಿಪರೀತ ಉಬ್ಬಿ ಓಡುವ ಕಾಯಿಲೆ, ಶುರುವಾಗುವಾಗ ಜ್ಞಾನೋದಯದ ಹಾಗೇ ಕಾಣುತ್ತದೆ. ಎಲ್ಲಕ್ಕೂ ಅರ್ಥ ಹೊಳೆಯುತ್ತದೆ, ಪ್ರೀತಿ ಉಕ್ಕುತ್ತದೆ, ತನಗೊಂದು ದೊಡ್ಡ ಕೆಲಸ ಕಾದಿದೆ ಅನ್ನಿಸುತ್ತದೆ. ಜೊತೆಗೆ ಎರಡು ಮೂರು ಗಂಟೆ ಮಲಗಿದರೂ ದಣಿವೇ ಇಲ್ಲ, ಮಾತು ನಿಲ್ಲುವುದಿಲ್ಲ, ದುಡ್ಡು ನೀರಿನ ಹಾಗೆ ಖರ್ಚಾಗುತ್ತದೆ, ತಡೆದರೆ ಸಿಟ್ಟು ನೆತ್ತಿಗೇರುತ್ತದೆ. ಇದು ಒಂದು ವಾರ ನಡೆದರೆ ಮೇನಿಯಾ ಅನ್ನಲು ಆಧಾರ ಸಿಗುತ್ತದೆ. ಆಸ್ಪತ್ರೆಗೆ ಸೇರಿಸಬೇಕಾದ ಸ್ಥಿತಿ ಇದ್ದರೆ ವಾರ ಕಾಯುವ ಅಗತ್ಯವೂ ಇಲ್ಲ. ಇನ್ನೊಂದು ಕಡೆ, ನಿದ್ದೆಗೆಟ್ಟು ದಿನಗಟ್ಟಲೆ ಧ್ಯಾನ, ಉಪವಾಸ, ಮೌನ ಮಾಡಿದರೆ ಆರೋಗ್ಯವಂತರ ಮನಸ್ಸೂ ಹದ ತಪ್ಪಬಹುದು. ಅಂಥವರಲ್ಲಿ ಕೆಲವರು ಸಾಧನೆ ನಿಲ್ಲಿಸಿ, ಹೊತ್ತಿಗೆ ಸರಿಯಾಗಿ ಉಂಡು ಮಲಗಿದರೆ ಚೇತರಿಸಿಕೊಳ್ಳುತ್ತಾರೆ. ಚೇತರಿಸಿಕೊಳ್ಳದಿದ್ದರೆ ಅದೇ ನಮಗೆ ಸುಳಿವು.

ನಿದ್ದೆಯ ನಂತರ ನಾನು ನೋಡುವುದು ಸಂಶಯಪಡುವ ಶಕ್ತಿ ಉಳಿದಿದೆಯಾ ಅಂತ. "ನನಗೆ ಹೀಗಾಯಿತು, ಏನಿದು ಅಂತ ಗೊತ್ತಾಗುತ್ತಿಲ್ಲ, ಹೆದರಿಕೆಯಾಗುತ್ತಿದೆ" ಅನ್ನುವವರು ಅನುಭವದಿಂದ ಒಂದು ಹೆಜ್ಜೆ ಹಿಂದೆ ನಿಂತು ಅದನ್ನು ನೋಡಬಲ್ಲರು. ಸೈಕೋಸಿಸ್ ಬಲಿತಾಗ ಆ ಒಂದು ಹೆಜ್ಜೆಗೂ ಜಾಗ ಇರುವುದಿಲ್ಲ. ಟಿವಿಯಲ್ಲಿ ಬಂದ ಮಾತು, ದಾರಿಯಲ್ಲಿ ಹೋದ ಕಾರಿನ ನಂಬರು, ಪಕ್ಕದವರ ಕೆಮ್ಮು, ಎಲ್ಲವೂ ತನಗೇ ಕಳಿಸಿದ ಸೂಚನೆಯಾಗುತ್ತದೆ. ಮಾತಿನ ಎಳೆ ಕಡಿದುಹೋಗುತ್ತದೆ. ತನ್ನ ವಿರುದ್ಧ ಸಂಚು ನಡೆದಿದೆ ಅನ್ನುವ ಭಯ ಸೇರಿಕೊಳ್ಳುತ್ತದೆ. ತಿಂಗಳುಗಳ ಹಿಂದಿನಿಂದಲೇ ಓದು, ಕೆಲಸ, ಸ್ನಾನ, ಗೆಳೆಯರು ಒಂದೊಂದಾಗಿ ಬಿಟ್ಟುಹೋಗಿದ್ದರೆ ಚಿಂತೆ ಇನ್ನೂ ಜಾಸ್ತಿ.

ಅವರದೇ ಪಂಥದಲ್ಲಿ ಬಹಳ ಕಾಲ ಸಾಧನೆ ಮಾಡಿದ ಹಿರಿಯರ ಮಾತನ್ನೂ ನಾನು ಕೇಳುತ್ತೇನೆ. "ಇದು ನಮ್ಮ ದಾರಿಯಲ್ಲಿ ಬರುವಂಥದ್ದಲ್ಲ, ಇವರಿಗೆ ಹುಷಾರಿಲ್ಲ" ಅಂತ ಅವರು ಡಾಕ್ಟರಿಗಿಂತ ಮೊದಲೇ ಗುರುತಿಸುವುದುಂಟು. ಆ ನಂಬಿಕೆಯ ಪರಿಚಯವೇ ಇಲ್ಲದ ವೈದ್ಯರು ಸಹಜವಾದದ್ದನ್ನೂ ರೋಗ ಅಂದುಬಿಡಬಹುದು. ಅಮೆರಿಕದ ಮನೋವೈದ್ಯರ ಸಂಘದ ರೋಗನಿರ್ಣಯ ಕೈಪಿಡಿ 1994ರ ಆವೃತ್ತಿಯಲ್ಲಿ 'ಧಾರ್ಮಿಕ ಅಥವಾ ಆಧ್ಯಾತ್ಮಿಕ ಸಮಸ್ಯೆ' ಅಂತಲೇ ಒಂದು ವಿಭಾಗ ಸೇರಿಸಿತು. ಅದು ಕಾಯಿಲೆಗಳ ಸಾಲಿನಲ್ಲಿಲ್ಲ. ನಂಬಿಕೆ ಕಳೆದುಕೊಂಡು, ಅಥವಾ ಮತ ಬದಲಿಸಿ ಕಂಗಾಲಾದವರಿಗೆ ರೋಗದ ಹಣೆಪಟ್ಟಿ ಹಚ್ಚದೆ ನೆರವು ಕೊಡಬಹುದು ಅಂತ ಅದು ಒಪ್ಪಿತು. ನನ್ನ ಮಟ್ಟಿಗೆ ಇದು ತುಂಬಾ ಮುಖ್ಯವಾದ ತಿದ್ದುಪಡಿ.

ದೇಹವನ್ನು ಮರೆಯಬಾರದು. ಮಿದುಳಿನ ಪಕ್ಕದ ಭಾಗವಾದ ಟೆಂಪೊರಲ್ ಲೋಬಿನಲ್ಲಿ ಬರುವ ಫಿಟ್ಸ್ ಕೆಲವರಿಗೆ ಗಾಢ ಭಕ್ತಿಯ ಅನುಭವ ತರುತ್ತದೆ. ಥೈರಾಯ್ಡ್ ಏರುಪೇರು, ಗಾಂಜಾ, ಮಿದುಳಿನ ಉರಿಯೂತ ಇವೆಲ್ಲ ಮನಸ್ಸಿನ ಕಾಯಿಲೆಯ ವೇಷದಲ್ಲಿ ಬರಬಹುದು. ಎನ್‌ಎಂಡಿಎ ಗ್ರಾಹಕಗಳ (ಮಿದುಳಿನ ನರಕೋಶಗಳು ಸಂದೇಶ ಪಡೆಯುವ ತಾಣಗಳ) ಮೇಲೆ ದೇಹದ್ದೇ ಪ್ರತಿಕಾಯಗಳು ದಾಳಿ ಮಾಡಿ ಆಗುವ ಉರಿಯೂತವನ್ನು ವೈದ್ಯರು ಗುರುತಿಸಿದ್ದೇ 2007ರಲ್ಲಿ. ಜ್ವರ, ಫಿಟ್ಸ್, ಗಳಿಗೆಗೊಮ್ಮೆ ಗೊಂದಲ, ಇಳಿವಯಸ್ಸಿನಲ್ಲಿ ಮೊದಲ ಸಲ ದೃಶ್ಯಗಳು ಕಾಣುವುದು, ಇವುಗಳಲ್ಲಿ ಯಾವುದಿದ್ದರೂ ಮೊದಲು ದೇಹದ ತಪಾಸಣೆ ಆಗಲಿ. ಬಾಣಂತಿಗೆ ದನಿ ಕೇಳಿಸಿದರೆ, ವಿಚಿತ್ರ ನಂಬಿಕೆ ಬಂದರೆ ಒಂದು ದಿನವೂ ಕಾಯಬೇಡಿ. ಹೆರಿಗೆಯಾದ ಮೊದಲ ಎರಡು ವಾರಗಳಲ್ಲಿ ಸೈಕೋಸಿಸ್ ಅಪಾಯ ತುಂಬಾ ಹೆಚ್ಚು.

ಸದ್ದಿಲ್ಲದೆ ಬರುವ ಬಿಕ್ಕಟ್ಟೂ ಇದೆ. ಪ್ರಾರ್ಥನೆ ಒಣಗಿಹೋಗುತ್ತದೆ, ನಂಬಿದ್ದೆಲ್ಲ ಪೊಳ್ಳು ಅನ್ನಿಸುತ್ತದೆ. ಆಗಲೂ ಮಗುವಿನ ನಗು ಮನಸ್ಸಿಗೆ ಹಿತ ಕೊಡುತ್ತಿದ್ದರೆ, ಬೇರೆಯವರ ನೋವಿಗೆ ಮನಸ್ಸು ಮಿಡಿಯುತ್ತಿದ್ದರೆ, ಮಾತುಕತೆಯೇ ಸಾಕಾಗಬಹುದು. ಎರಡು ವಾರದಿಂದ ಯಾವುದರಲ್ಲೂ ಸುಖವಿಲ್ಲ, ಊಟ ನಿದ್ದೆ ಕೆಟ್ಟಿದೆ, "ನಾನು ಮಾಡಿದ ಪಾಪಕ್ಕೆ ಬದುಕಿರಬಾರದು" ಅನ್ನುತ್ತಿದ್ದಾರೆ ಅಂದರೆ ಅದು ಖಿನ್ನತೆ. ಅದಕ್ಕೆ ಚಿಕಿತ್ಸೆ ಇದೆ.

ಎಷ್ಟೋ ಸಲ ಆಧ್ಯಾತ್ಮಿಕ ಅನುಭವ, ಕಾಯಿಲೆ ಎರಡೂ ಒಟ್ಟಿಗೇ ಇರುತ್ತವೆ. ಕಾಯಿಲೆ ಇರುವವರ ಅನುಭವದಲ್ಲೂ ಅವರಿಗೆ ಬೆಲೆಬಾಳುವ ಅರ್ಥ ಇರಬಹುದು. ನಿಜವಾದ ಹುಡುಕಾಟದಲ್ಲಿರುವವರಿಗೂ ಕಾಯಿಲೆ ಬರಬಹುದು. ಮಾತ್ರೆ ತೆಗೆದುಕೊಂಡರೆ ನಂಬಿಕೆಗೆ ದ್ರೋಹ ಮಾಡಿದ ಹಾಗಲ್ಲ. ದಯವಿಟ್ಟು ಈ ಹೆದರಿಕೆಯಿಂದ ಯಾರನ್ನೂ ತಡೆದು ಕೂರಿಸಬೇಡಿ. ಸೈಕೋಸಿಸ್‌ಗೆ ಚಿಕಿತ್ಸೆ ತಡವಾದಷ್ಟೂ ಚೇತರಿಕೆ ಕಷ್ಟವಾಗುತ್ತದೆ.

ಮನೆಯವರು ವಾದ ಮಾಡಿ ಗೆಲ್ಲಲು ಹೋಗಬೇಡಿ, ಸುಮ್ನೆ ಹೂಂಗುಟ್ಟಲೂ ಬೇಡಿ. "ನಿನಗೆ ಹಾಗೆ ಕೇಳಿಸಿದ್ದು ನಿಜ, ನನಗೆ ಕೇಳಿಸಲಿಲ್ಲ, ನೀನು ಮಲಗದೆ ನಾಲ್ಕು ದಿನವಾಯಿತು, ಅದು ನನಗೆ ಚಿಂತೆ" ಅನ್ನಿ. ಆ ದನಿ ಸಾಯಲು, ಕೊಲ್ಲಲು, ಊಟ ಬಿಡಲು ಹೇಳುತ್ತಿದ್ದರೆ ಯಾವ ಅನುಭವ ಅಂತ ಚರ್ಚೆ ಮಾಡುತ್ತಾ ಕೂರಬೇಡಿ. ಒಬ್ಬರನ್ನೇ ಬಿಡದೆ ಆಗಲೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಚೇತರಿಸಿಕೊಂಡ ಮೇಲೆ "ಮತ್ತೆ ಧ್ಯಾನ ಮಾಡಬಹುದಾ?" ಅಂತ ಅವರು ಕೇಳುತ್ತಾರೆ. ಒಬ್ಬೊಬ್ಬರಿಗೂ ಉತ್ತರ ಬೇರೆ. ಪ್ರಾರ್ಥನೆ, ಸತ್ಸಂಗ, ಸೇವೆಗೆ ಸಾಮಾನ್ಯವಾಗಿ ತೊಂದರೆ ಇಲ್ಲ. ಧ್ಯಾನಕ್ಕೆ ಮರಳುವುದಾದರೆ ದಿನಕ್ಕೆ ಸ್ವಲ್ಪ ಹೊತ್ತು, ಅದೂ ಗೊತ್ತಿರುವವರ ಜೊತೆ, ಮಾತ್ರೆ ಬಿಡದೆ. ದಿನಗಟ್ಟಲೆ ಮೌನ ಶಿಬಿರ ಸದ್ಯಕ್ಕೆ ಬೇಡ.